ಶಾಖದ ಏತ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ಬೇಗನೆ ಬಿಡುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಈ ಮಳೆಯ ನಡುವೆಯೇ ಅಡಿಕೆ ತೋಟಗಳಲ್ಲಿ ಜಾಯಿಕಾಯಿ ಬಲಿತು ಬಿರಿಯುತ್ತದೆ. ಕಾಯನ್ನೂ ಅದನ್ನು ಸುತ್ತಿದ ಕೆಂಪು ಜಾಪತ್ರೆಯನ್ನೂ ಬೇಗ ಒಣಗಿಸದಿದ್ದರೆ ಬೂಷ್ಟು ಹಿಡಿದು ಬೆಳೆಗಾರನ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಒಲೆಯ ಮೇಲಣ ಅಟ್ಟದಲ್ಲಿ ಹರವಿದರೆ ಒಣಗುವುದೇನೋ ನಿಜ. ಆದರೆ ಹೊಗೆಯ ವಾಸನೆ ತಗಲುತ್ತದೆ, ಸೌದೆಗಾಗಿ ಕಾಡೂ ಕರಗುತ್ತದೆ. ಸೌದೆ ಉರಿಸದೆ ಶಾಖವನ್ನು ಪಡೆಯುವ ಬಗೆ ಉಂಟೇ?

ಉಂಟು. ಶಾಖವನ್ನು ಹೊಸದಾಗಿ ಹುಟ್ಟಿಸಲೇಬೇಕೆಂದಿಲ್ಲ. ಇರುವ ಕಡೆಯಿಂದ ಎತ್ತಿ ತರಲೂಬಹುದು. ನೀರು ತಾನಾಗಿ ತಗ್ಗಿಗೆ ಹರಿಯುವಂತೆ ಶಾಖವು ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುತ್ತದೆ. ಬಾವಿಯ ನೀರನ್ನು ಮೇಲೆತ್ತಲು ಏತ ಬೇಕು. ಶಾಖವನ್ನು ಮೇಲೆತ್ತುವ ಏತವೇ ಹೀಟ್ ಪಂಪ್. ಇಂಥ ಯಂತ್ರದಿಂದ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು ವಿಜ್ಞಾನಿ ಲಾರ್ಡ್ ಕೆಲ್ವಿನ್ 1852ರಲ್ಲಿಯೇ ಸೂಚಿಸಿದ್ದನು. ಕುಮಟಾ ತಾಲೂಕಿನ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯಲು ಬೇಸಗೆಯ ಬಿಸಿಲೇ ಸಾಕು. ಆದರೆ ಆಸ್ಟ್ರಿಯಾ ದೇಶದ ಎಬೆನ್ಸೀಯಲ್ಲಿ ಉಪ್ಪುನೀರನ್ನು ಸೌದೆಯಿಂದ ಕುದಿಸಬೇಕಾಗಿತ್ತು. ಆ ಸೌದೆಯನ್ನು ಉಳಿಸಲೆಂದೇ 1850ರ ದಶಕದಲ್ಲಿ ಪೀಟರ್ ರಿಟಿಂಗರ್ ಎಂಬಾತನು ಅಲ್ಲಿ ಈ ತತ್ತ್ವದ ಯಂತ್ರವನ್ನು ಹೂಡಿದನು.

ಈ ಪಂಪಿನ ಕೊಳವೆಗಳಲ್ಲಿ ಸುಲಭವಾಗಿ ಆವಿಯಾಗುವ ದ್ರವವೊಂದು ಸುತ್ತುತ್ತಿರುತ್ತದೆ. ಆವಿಯಾಗುವಾಗ ಅದು ಸುತ್ತಲಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ವಿದ್ಯುತ್ತಿನಿಂದ ನಡೆಯುವ ಸಂಕೋಚಕವು ಆ ಆವಿಯನ್ನು ಒತ್ತಿದಾಗ ಅದರ ಉಷ್ಣತೆ ಏರುತ್ತದೆ. ಬಿಸಿಯಾದ ಆವಿಯು ಮತ್ತೆ ದ್ರವವಾಗುತ್ತ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ರೆಫ್ರಿಜರೇಟರಿನ ಹೊರಮೈ ಬೆಚ್ಚಗಾಗುವುದಕ್ಕೂ ಇದೇ ಕಾರಣ.

ಒಣಗಿಸುವ ಕೋಣೆಯಲ್ಲಿ ತೇವದ ಗಾಳಿಯು ಮೊದಲು ತಣ್ಣನೆಯ ಕೊಳವೆಗಳನ್ನು ಹಾಯುತ್ತದೆ. ಅಲ್ಲಿ ತೇವವು ನೀರಾಗಿ ತೊಟ್ಟಿಕ್ಕಿ ಹೊರಹೋಗುತ್ತದೆ. ಬಳಿಕ ಅದೇ ಗಾಳಿ ಬಿಸಿ ಕೊಳವೆಗಳನ್ನು ಸೋಕಿ, ಬೆಚ್ಚಗೂ ಒಣದಾಗಿಯೂ ಕಾಯಿಗಳ ಬಳಿಗೆ ಮರಳುತ್ತದೆ. ಸಾಮಾನ್ಯ ವಿದ್ಯುತ್ ಹೀಟರು 1 ಯೂನಿಟ್ ವಿದ್ಯುತ್ತಿಗೆ 1 ಯೂನಿಟ್ ಶಾಖವನ್ನಷ್ಟೇ ಕೊಡುತ್ತದೆ. ಅನುಕೂಲ ಸ್ಥಿತಿಯಲ್ಲಿ ಹೀಟ್ ಪಂಪ್ ಸುಮಾರು 3 ಯೂನಿಟ್ ಕೊಡಬಲ್ಲದು. ಇದು ಮಾಯೆಯಲ್ಲ. ಹೆಚ್ಚಿನ 2 ಯೂನಿಟ್ ಗಾಳಿಯಿಂದಲೂ ತೇವದಿಂದಲೂ ಬಂದುದು.

ಬಾವಿ ಆಳವಾದಷ್ಟೂ ಏತದ ಶ್ರಮ ಹೆಚ್ಚು. ಅಂತೆಯೇ ಉಷ್ಣತೆಯನ್ನು ಎತ್ತರಿಸಿದಷ್ಟೂ ಪಂಪಿನ ಲಾಭ ಕುಗ್ಗುತ್ತದೆ. ಜಾಯಿಕಾಯಿಗೆ ಅತಿಯಾದ ಶಾಖ ಸಲ್ಲದು. ಅದರ ಪರಿಮಳ ತೈಲ ಹಾರಿಹೋಗುತ್ತದೆ. ಕೋಣೆ ಚಿಕ್ಕದಾಗಿರಬೇಕು, ಸಂದುಗಳು ಮುಚ್ಚಿರಬೇಕು, ಗೋಡೆ ಮತ್ತು ಮಾಡು ಶಾಖವನ್ನು ತಡೆಹಿಡಿಯಬೇಕು. ಸೋರುವ ಕೋಣೆಯನ್ನು ಬಿಸಿಮಾಡುವುದು ತೂತು ಕೊಡಕ್ಕೆ ನೀರು ತುಂಬಿದಂತೆ.

ಯಂತ್ರಕ್ಕೆ ಬೆಲೆಯುಂಟು, ವಿದ್ಯುತ್ತಿಗೂ ಬೆಲೆಯುಂಟು. ಬಿಸಿಲು ಬಂದ ದಿನ ಅಂಗಳವೇ ಸಾಕು. ಬಿಸಿಲು ಬಾರದ ದಿನಗಳಲ್ಲಿ ಮಾತ್ರ ಈ ಏತವನ್ನು ಬಳಸಬಲ್ಲ ಜಾಣನು ಬೆಳೆಯನ್ನೂ ಉಳಿಸುವನು, ಕಾಡನ್ನೂ ಉಳಿಸುವನು.