ಕಾರಿನೊಳಗೆ ಬಂದ ನೀರು ಯಾವುದು?

ಮಲೆನಾಡಿನ ಬಾಗಿಲೆನಿಸಿದ ಶಿವಮೊಗ್ಗೆಯಲ್ಲಿ ಆಷಾಢ ಶ್ರಾವಣಗಳೆಂದರೆ ಎಲ್ಲೆಲ್ಲಿಯೂ ನೀರು. ಹರವಿದ ಬಟ್ಟೆ ಒಣಗದು, ಭರಣಿಯ ಉಪ್ಪು ನೀರೊಡೆಯುತ್ತದೆ, ಗೋಡೆ ಬೆವರುತ್ತದೆ. ಇಂತಹ ಕಾಲದಲ್ಲಿ ಕಾರಿನ ಮುಂದಿನ ಎಡ ಆಸನದೆದುರು ಕಾಲಿಡುವೆಡೆಯ ನೆಲಹಾಸು ನೆನೆದಿದ್ದರೆ ಅಚ್ಚರಿಪಡುವವರಾರು? ನಾವೂ ಅಚ್ಚರಿಪಡಲಿಲ್ಲ. ನಮ್ಮ ತಪ್ಪು ಮೊದಲಾದದ್ದು ಅಲ್ಲಿಯೇ.

ನಮ್ಮದು ಇಪ್ಪತ್ತು ವರ್ಷ ದಾಟಿದ ಒಂದು ಸಣ್ಣ ಕಾರು. ಮನೆ ಶಿವಮೊಗ್ಗೆಯಲ್ಲಿ, ಪಾಠ ಹೇಳುವುದು ಭದ್ರಾವತಿಯಲ್ಲಿ; ನಡುವಣ ದಾರಿ ಸುಮಾರು ೨೦ ಕಿಲೋಮೀಟರು. ಮುಂದಿನ ಗಾಜಿನ ಸುತ್ತಲಿನ ರಬ್ಬರು ಸಡಿಲವಾಗಿ ಮಳೆಯ ನೀರು ಇಳಿಯುತ್ತಿರಬೇಕೆಂದು ಊಹಿಸಿ, ಹಣ ತೆತ್ತು ಹೊಸ ರಬ್ಬರನ್ನು ಹಾಕಿಸಿದೆವು. ನೆಲಹಾಸು ಮತ್ತೆ ನೆನೆಯಿತು. ಜುಲೈ ತಿಂಗಳ ಒಂದು ಸಂಜೆ ಭದ್ರಾವತಿಯಿಂದ ಹಿಂದಿರುಗುವಾಗ ಗಾಜಿನ ಒಳಮೈಯಲ್ಲಿ ಮಂಜು ಕವಿಯಿತು. ಅದನ್ನು ಹೋಗಲಾಡಿಸಲು ಹೀಟರನ್ನು ತಿರುಗಿಸಿದೆವು. ಮಂಜು ಕರಗುವುದಕ್ಕೆ ಬದಲಾಗಿ ದಟ್ಟವಾಯಿತು. ಬಟ್ಟೆಯಿಂದ ಒರೆಸಿದರೆ ಎಣ್ಣೆ ಸವರಿದಂತೆ ಹರಡಿತು. ಎದುರಿನ ಲಾರಿಯ ದೀಪಗಳು ಗಾಜಿನ ತುಂಬ ಬಿಳಿಯ ತೆರೆಯಾಗಿ ನಿಂತವು. ರಸ್ತೆಯ ಅಂಚಿನಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದವರೊಬ್ಬರು ಕಣ್ಣಿಗೆ ಬಿದ್ದಾಗ ಅವರಿಗೂ ಕಾರಿಗೂ ಒಂದು ಮಾರಿನ ಅಂತರ ಉಳಿದಿತ್ತು. ಕಾರನ್ನು ನಿಲ್ಲಿಸಿ, ಎದೆಯ ಬಡಿತ ತಗ್ಗುವವರೆಗೆ ಅಲ್ಲಿಯೇ ಕುಳಿತಿದ್ದೆವು.

ಮರುದಿನ ಕಾರನ್ನು ನೋಡಿದ ಮೇಸ್ತ್ರಿಗಳು ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ಕೈಯಿಟ್ಟು, ಬೆರಳನ್ನು ನಮ್ಮ ಮುಂದೆ ಚಾಚಿದರು. “ಮೇಷ್ಟ್ರೇ, ಮಳೆ ನೀರು ಎಲ್ಲಾದ್ರೂ ಬಿಸಿ ಇರ್ತದಾ?” ಎಂದರು. ಆಮೇಲೆ, “ರೇಡಿಯೇಟರಿಗೆ ಎಷ್ಟು ಸಲ ನೀರು ಹಾಕಿದ್ರಿ?” ಎಂದು ಕೇಳಿದರು. ಲೆಕ್ಕ ಹಾಕಿದೆವು. ಏಪ್ರಿಲಿನಿಂದ ಎರಡು ವಾರಕ್ಕೊಮ್ಮೆ ಅರ್ಧ ಲೀಟರಿನಂತೆ ಆರು ಸಲ. ಒಟ್ಟು ಮೂರು ಲೀಟರು. ಕಾರಿನ ತಂಪುವ್ಯವಸ್ಥೆ ಹಿಡಿಯುವುದೇ ಸುಮಾರು ನಾಲ್ಕು ಲೀಟರು. ದ್ರವ್ಯಕ್ಕೆ ನಾಶವಿಲ್ಲವೆಂದು ವರ್ಷವರ್ಷವೂ ಪಾಠ ಹೇಳುವ ನಾವು, ಹಾಕಿದ ನೀರು ಎಲ್ಲಿಗೆ ಹೋಯಿತೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಈ ನೀರು ಕಾರಿನೊಳಕ್ಕೆ ಬರುವ ದಾರಿಯನ್ನು ಈಗ ವಿಚಾರಿಸೋಣ. ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಾಖವೆಲ್ಲವೂ ಗಾಲಿಯನ್ನು ತಿರುಗಿಸುವುದಿಲ್ಲ. ಅದರ ದೊಡ್ಡದೊಂದು ಪಾಲು ಹೊಗೆಯೊಡನೆ ಹೋಗುತ್ತದೆ. ಇನ್ನೊಂದು ಪಾಲನ್ನು ಎಂಜಿನ್ನಿನ ಗೋಡೆಗಳ ನಡುವೆ ಹರಿಯುವ ದ್ರವವು ಹೊತ್ತು ರೇಡಿಯೇಟರಿಗೆ ಒಯ್ದು ಗಾಳಿಗೆ ಬಿಡುತ್ತದೆ. ಈ ಬಿಸಿ ದ್ರವದ ಒಂದು ಕವಲು ಎರಡು ರಬ್ಬರು ನಳಿಕೆಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರೊಂದಕ್ಕೆ ಹೋಗಿ ಮರಳುತ್ತದೆ. ಇದೇ ಹೀಟರ್ ಕೋರ್. ಪುಸ್ತಕದ ಗಾತ್ರದ ಈ ವಸ್ತುವಿನಲ್ಲಿ ತೆಳುವಾದ ಲೋಹದ ಕೊಳವೆಗಳೂ ಅವುಗಳ ನಡುವೆ ಲೋಹದ ಪದರಗಳೂ ಇರುತ್ತವೆ. ಸಣ್ಣ ಫ್ಯಾನು ಇವುಗಳ ಮೂಲಕ ಗಾಳಿಯನ್ನು ಊದಿದಾಗ ಬಿಸಿಗಾಳಿ ಗಾಜಿನ ಕಡೆಗೆ ಬರುತ್ತದೆ.

ಸೆಕೆಯ ನಾಡಿನಲ್ಲಿ ಹೀಟರೇತಕ್ಕೆಂದು ವಾಚಕರು ಕೇಳಬಹುದು. ಮಳೆಗಾಲದಲ್ಲಿ ಅದು ಚಳಿಗಾಗಿ ಅಲ್ಲ, ಕಣ್ಣಿಗಾಗಿ. ಮುಚ್ಚಿದ ಕಾರಿನಲ್ಲಿ ನಮ್ಮ ಉಸಿರಿನ ಆವಿ ಸೇರುತ್ತಲೇ ಇರುತ್ತದೆ. ಮಳೆಯಿಂದ ತಣ್ಣಗಾದ ಗಾಜಿನ ಉಷ್ಣತೆಯು ಒಳಗಿನ ಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗಿಳಿದೊಡನೆ ಆವಿಯು ಹನಿಗಟ್ಟಿ ಮಂಜಾಗುತ್ತದೆ. ಬಿಸಿಗಾಳಿಯು ಗಾಜನ್ನು ಕಾಯಿಸಿ ಈ ಹನಿಗಳನ್ನು ಆವಿಯಾಗಿಸುತ್ತದೆ. ಆದರೆ ಕೋರ್ ಸೋರುತ್ತಿದ್ದರೆ ಆ ಗಾಳಿಯೇ ಕೂಲೆಂಟಿನ ಆವಿಯನ್ನು ಹೊತ್ತು ತರುತ್ತದೆ. ಕೂಲೆಂಟಿನಲ್ಲಿ ನೀರಿನೊಡನೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವಿರುತ್ತದೆ. ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿದರೆ ಗ್ಲೈಕಾಲು ಕುದಿಯುವುದು ೧೯೭ ಡಿಗ್ರಿಯಲ್ಲಿ. ಸಾಮಾನ್ಯ ಉಷ್ಣತೆಯಲ್ಲಿ ಅದು ಆರುವುದು ಅತಿ ನಿಧಾನ. ಆದುದರಿಂದ ಗಾಜಿನ ಮೇಲಿನ ನೀರು ಆರಿದರೂ ಜಿಗುಟಾದ ಪೊರೆ ಉಳಿಯುತ್ತದೆ. ಹೀಟರು ಹಾಕಿದಾಗ ಮಂಜು ಹೆಚ್ಚಿದರೆ ಅದು ಉಸಿರಿನ ಮಂಜಲ್ಲವೆಂದು ತಿಳಿಯಬೇಕು.

ಇಷ್ಟಾದರೂ ಅವಸರಪಟ್ಟು ಡ್ಯಾಶ್‌ಬೋರ್ಡನ್ನು ಬಿಚ್ಚುವುದು ಜಾಣತನವಲ್ಲ. ನೆಲಹಾಸನ್ನು ನೆನೆಸುವ ನೀರು ಮೂರು ಬಗೆ: ಮಳೆಯ ನೀರು, ಹವಾನಿಯಂತ್ರಕದ ತಣ್ಣನೆಯ ಕಾಯಿಲಿನಿಂದ ಇಳಿಯುವ ನೀರು, ಮತ್ತು ಎಂಜಿನ್ನಿನ ಕೂಲೆಂಟು. ಶಿವಮೊಗ್ಗೆಯ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಸೇರಿದ ಮೇಲೆ ಇದು ತುಂಗೆ, ಇದು ಭದ್ರೆ ಎಂದು ಬೊಗಸೆಯ ನೀರನ್ನು ನೋಡಿ ಹೇಳಲಾದೀತೆ? ಸೇರುವ ಮೊದಲೇ ಒಂದೊಂದರ ಜಾಡನ್ನು ಹಿಡಿಯಬೇಕು. ಇಲ್ಲಿಯೂ ಹಾಗೆಯೇ.

ಮೊದಲನೆಯದಾಗಿ, ಮಳೆಯಿಲ್ಲದ ದಿನ ಹವಾನಿಯಂತ್ರಕವನ್ನು ಹಾಕದೆ ಕಾರನ್ನು ಓಡಿಸಬೇಕು. ಆಗಲೂ ನೆಲಹಾಸು ನೆನೆದರೆ ಇಬ್ಬರು ಆರೋಪಿಗಳು ಬಿಡುಗಡೆಯಾದಂತೆ. ಎರಡನೆಯದಾಗಿ, ನೆನೆದೆಡೆಗೆ ಬಿಳಿಯ ಕಾಗದವನ್ನು ಒತ್ತಿ ನೋಡಬೇಕು. ಹಸಿರು, ಕೆಂಪು ಅಥವಾ ನೀಲಿಯ ಬಣ್ಣ, ಬೆರಳಿಗೆ ಜಾರುವ ನುಣುಪು, ಸಿಹಿಯೆನಿಸುವ ವಾಸನೆ—ಇವು ಕೂಲೆಂಟಿನ ಗುರುತುಗಳು. ಆದರೆ ರುಚಿ ನೋಡಬಾರದು. ಏಕೆಂಬುದನ್ನು ಮುಂದೆ ಹೇಳುತ್ತೇವೆ. ಬಹುಕಾಲ ಬರಿಯ ನೀರನ್ನೇ ಬೆರೆಸುತ್ತ ಬಂದಿದ್ದರೆ ಬಣ್ಣವೂ ವಾಸನೆಯೂ ಮಾಸಿರಬಹುದು. ಆಗ ಗಾಜಿನ ಚೂರೊಂದರ ಮೇಲೆ ಒಂದು ಹನಿ ಮಳೆನೀರನ್ನೂ ಒಂದು ಹನಿ ಈ ನೀರನ್ನೂ ಇಟ್ಟು, ಬಿಸಿನೀರಿನ ಪಾತ್ರೆಯ ಮುಚ್ಚಳದ ಮೇಲಿರಿಸಿ. ಮಳೆಹನಿ ಆರಿ ಮಾಯವಾಗುತ್ತದೆ. ಕೂಲೆಂಟಿನ ಹನಿ ಕುಗ್ಗಿ ಅಂಟಾಗಿ ಉಳಿಯುತ್ತದೆ.

ಕೊನೆಯದು ಒತ್ತಡದ ಪರೀಕ್ಷೆ. ಶಿವಮೊಗ್ಗೆಯು ಸಮುದ್ರಮಟ್ಟದಿಂದ ಸುಮಾರು ೫೭೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ೯೮ ಡಿಗ್ರಿಯಲ್ಲಿಯೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ವಾಯುಭಾರಕ್ಕಿಂತ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು ೦.೯ ಕಿಲೋಗ್ರಾಮಿನ ಒತ್ತಡವನ್ನು ಒಳಗೆ ಹಿಡಿದಿಟ್ಟರೆ ಕುದಿಯುವ ಬಿಂದು ೧೧೭ ಡಿಗ್ರಿಯ ಆಸುಪಾಸಿಗೆ ಏರುತ್ತದೆ. ನಮ್ಮ ಅಡುಗೆಮನೆಯ ಕುಕ್ಕರಿನ ತತ್ತ್ವವೇ ಇದು. ಈ ಒತ್ತಡದಿಂದಾಗಿಯೇ ಕೂದಲೆಳೆಯ ಸೀಳಿನಿಂದಲೂ ದ್ರವ ಹೊರಚಿಮ್ಮುತ್ತದೆ. ಎಂಜಿನ್ನು ತಣಿದಾಗ ಸೋರಿಕೆ ನಿಂತು ಕಳ್ಳ ಅಡಗುತ್ತಾನೆ. ಆದುದರಿಂದ ಎಂಜಿನ್ನು ಪೂರ್ತಿ ತಣಿದ ಮೇಲೆ ಮುಚ್ಚಳವನ್ನು ತೆಗೆದು, ಅಲ್ಲಿ ಕೈಪಂಪು ಮತ್ತು ಒತ್ತಡಮಾಪಕವನ್ನು ಜೋಡಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡವನ್ನು ಕೊಡಬೇಕು. ಮುಳ್ಳು ಇಳಿಯುತ್ತ ಹೋದರೆ ಎಲ್ಲಿಯೋ ಸೋರುತ್ತಿದೆ. ಈಗ ಹೀಟರಿಗೆ ಹೋಗುವ ಎರಡೂ ನಳಿಕೆಗಳನ್ನು ಕ್ಲಾಂಪಿನಿಂದ ಅದುಮಿ ಮತ್ತೆ ಪರೀಕ್ಷಿಸಬೇಕು. ಮುಳ್ಳು ನಿಂತಲ್ಲಿಯೇ ನಿಂತರೆ ತಪ್ಪು ಆ ಕವಲಿನದೇ. ನಮ್ಮ ಕಾರಿನಲ್ಲಿ ಮುಳ್ಳು ನಿಂತಿತು.

ಒಂದು ಹನಿಯಿಂದ ಏನಾದೀತೆನ್ನಬಾರದು. ಇಪ್ಪತ್ತು ಹನಿಗೆ ಒಂದು ಘನ ಸೆಂಟಿಮೀಟರೆಂದರೆ, ಸೆಕೆಂಡಿಗೊಂದು ಹನಿಯಂತೆ ಗಂಟೆಗೆ ೧೮೦ ಘನ ಸೆಂಟಿಮೀಟರು ಹೋಗುತ್ತದೆ. ಹತ್ತು ಗಂಟೆಯ ಓಡಾಟದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದ್ರವ ಬರಿದು. ಆಗುಂಬೆಯ ಘಾಟಿಯನ್ನು ಏರುವ ಎಂಜಿನ್ನಿಗೆ ಇಂತಹ ಸ್ಥಿತಿ ಬಂದರೆ ಸಿಲಿಂಡರಿನ ತಲೆಯೇ ಬಾಗಬಹುದು. ಭದ್ರಾವತಿಯವರಿಗೆ ಇದು ಹೊಸ ಮಾತಲ್ಲ. ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ೧೯೨೩ರಲ್ಲಿ ಇದ್ದಿಲಿನ ಊದುಕುಲುಮೆ ಉರಿಯತೊಡಗಿತು. ಊದುಕುಲುಮೆಗೆ ಬಿಸಿಗಾಳಿಯನ್ನು ಊದುವ ಮೂತಿಗಳನ್ನು ಕರಗದಂತೆ ಕಾಯುವುದು ಅವುಗಳ ಒಳಗೆ ಹರಿಯುವ ನೀರು. ಆ ನೀರು ಕುಲುಮೆಯೊಳಕ್ಕೆ ಸೋರಿದರೆ ಅನಾಹುತ. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ: ಒಳಗೆ ಹೋದ ನೀರೆಲ್ಲವೂ ಹೊರಗೆ ಬಂದಿತೆ?

ಕೋರ್ ತೂತಾದುದಕ್ಕೆ ಕಾರಣರು ನಾವೇ. ಕೂಲೆಂಟಿನಲ್ಲಿ ಲೋಹವನ್ನು ಕಾಯುವ ರಾಸಾಯನಿಕಗಳಿರುತ್ತವೆ. ಅದಕ್ಕೆ ನಾವು ಕೊಳವೆಬಾವಿಯ ನೀರನ್ನು ಸುರಿದು ಸುರಿದು ತೆಳುಮಾಡಿದೆವು. ಆ ನೀರಿನ ಲವಣಗಳಿಂದ ದ್ರವವು ವಿದ್ಯುತ್ತನ್ನು ಚೆನ್ನಾಗಿ ಹರಿಸತೊಡಗುತ್ತದೆ. ಎಂಜಿನ್ನಿನಲ್ಲಿರುವ ಬೇರೆಬೇರೆ ಲೋಹಗಳು ಅದರಲ್ಲಿ ಬ್ಯಾಟರಿಯ ಫಲಕಗಳಂತೆ ವರ್ತಿಸಿ, ಒಂದು ಮತ್ತೊಂದರ ಕೊರೆತವನ್ನು ಹೆಚ್ಚಿಸುತ್ತದೆ. ಎಲ್ಲಕ್ಕಿಂತ ತೆಳುವಾದ ಗೋಡೆ ಮೊದಲು ಸೋಲುತ್ತದೆ.

ದುರಸ್ತಿಗೆ ಅಡ್ಡದಾರಿಗಳುಂಟು. ರೇಡಿಯೇಟರಿಗೆ ಅರಿಸಿನದ ಪುಡಿ ಹಾಕುವ ರೂಢಿ ಹಳೆಯ ಡ್ರೈವರರಲ್ಲಿದೆ. ಆದರೆ ತೂತನ್ನು ಮುಚ್ಚುವ ಪುಡಿಗೆ ತೂತಾವುದು, ಇಕ್ಕಟ್ಟಾದ ಕೊಳವೆಯಾವುದು ಎಂಬ ವಿವೇಕವಿಲ್ಲ. ಅದಕ್ಕಿಂತ ಹೀಟರಿನ ಎರಡು ನಳಿಕೆಗಳನ್ನು ಕೋರಿನಿಂದ ಬಿಡಿಸಿ ಒಂದಕ್ಕೊಂದು ಜೋಡಿಸುವುದು ಲೇಸು. ಹೀಟರು ಇಲ್ಲವಾಗುತ್ತದೆ, ಎಂಜಿನ್ನು ಉಳಿಯುತ್ತದೆ. ನಾವು ಒಂದು ವಾರ ಹೀಗೆಯೇ ಹಗಲಿನಲ್ಲಿ ಮಾತ್ರ ಓಡಾಡಿದೆವು.

ಕೋರನ್ನು ಬದಲಿಸುವಾಗ ಕಷ್ಟವಿರುವುದು ಕೋರಿನಲ್ಲಲ್ಲ, ಅದನ್ನು ತಲಪುವ ದಾರಿಯಲ್ಲಿ. ತಣಿದ ಎಂಜಿನ್ನಿನ ಕೂಲೆಂಟನ್ನು ಪಾತ್ರೆಗೆ ಇಳಿಸಿ, ಬ್ಯಾಟರಿಯ ತಂತಿಯನ್ನು ಬಿಡಿಸಿ, ಡ್ಯಾಶ್‌ಬೋರ್ಡನ್ನು ಕಳಚಬೇಕು. ಒಂದೊಂದು ಹಂತದ ತಿರುಪುಗಳನ್ನೂ ಬೇರೆಬೇರೆ ಡಬ್ಬಿಗೆ ಹಾಕಿ ಗುರುತು ಬರೆದಿಟ್ಟರೆ ಜೋಡಿಸುವಾಗ ಪರದಾಟವಿಲ್ಲ. ಹವಾನಿಯಂತ್ರಕದ ಅನಿಲದ ನಳಿಕೆಗಳು ಅಡ್ಡವಿದ್ದರೆ, ಇಲ್ಲವೆ ಕಾರಿನಲ್ಲಿ ಏರ್‌ಬ್ಯಾಗ್ ಇದ್ದರೆ, ಅದನ್ನು ಬಲ್ಲವರಿಗೇ ಬಿಡಬೇಕು. ಕೋರಿನೊಡನೆ ಹಳೆಯ ನಳಿಕೆ ಮತ್ತು ಕ್ಲಿಪ್ಪುಗಳನ್ನೂ ಬದಲಿಸುವುದು ಮೇಲು. ಬಳಿಕ ಬಟ್ಟಿಯಿಳಿಸಿದ ನೀರಿನಲ್ಲಿ ಬೆರೆಸಿದ ಹೊಸ ಕೂಲೆಂಟನ್ನು ತುಂಬಿ, ಹೀಟರಿನ ಗುಬ್ಬಿಯನ್ನು ಅತಿ ಬಿಸಿಯ ಕಡೆಗೆ ತಿರುಗಿಸಿ, ಮುಚ್ಚಳ ತೆರೆದಂತೆಯೇ ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿ ಮೆಲ್ಲನೆ ಓಡಿಸಬೇಕು. ಕಾರಿನ ಮೂತಿ ತುಸು ಮೇಲಿರಲಿ. ಒಳಗೆ ಸಿಕ್ಕಿದ ಗಾಳಿ ಗುಳ್ಳೆಗುಳ್ಳೆಯಾಗಿ ಬರುತ್ತದೆ. ಗುಳ್ಳೆ ನಿಂತೊಡನೆ, ದ್ರವ ಕುದಿಯತೊಡಗುವ ಮೊದಲೇ, ಮುಚ್ಚಳವನ್ನು ಬಿಗಿಯಬೇಕು. ಗಾಳಿ ಉಳಿದರೆ ದ್ರವದ ಹರಿವು ಅಲ್ಲಿ ಕಡಿಯುತ್ತದೆ. ಬಿಸಿ ಎಂಜಿನ್ನಿನ ಬಿಗಿದ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬಾರದು. ಒತ್ತಡ ಇಳಿದ ಗಳಿಗೆಯಲ್ಲಿಯೇ ದ್ರವ ಉಕ್ಕಿ ಮುಖವನ್ನು ಸುಡುತ್ತದೆ.

ಇನ್ನು ರುಚಿಯ ಮಾತು. ಎಥಿಲೀನ್ ಗ್ಲೈಕಾಲು ಸಿಹಿಯಾದ ವಿಷ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಕ್ಯಾಲ್ಸಿಯಮ್ಮಿನೊಡನೆ ಹರಳುಗಟ್ಟಿ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮಗುವಾಗಲಿ ನಾಯಿಯಾಗಲಿ ಅದನ್ನು ನೆಕ್ಕಿದುದು ತಿಳಿದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಮೊದಲ ಗಂಟೆಗಳ ಚಿಕಿತ್ಸೆಯಿಂದ ಜೀವ ಉಳಿಯುತ್ತದೆ. ನಾವು ಇಳಿಸಿದ ಕೂಲೆಂಟಿನ ಪಾತ್ರೆಯ ಬಳಿಗೆ ಬೀದಿಯ ಮರಿಯೊಂದು ಬಾಲವಾಡಿಸುತ್ತ ಬಂದಿತ್ತು. ಮೇಸ್ತ್ರಿಗಳು ಅದನ್ನು ಗದರಿಸಿ ಅಟ್ಟಿ, ದ್ರವವನ್ನು ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿದರು. ಅಂಗಡಿಯ ಮುಂದಿನ ಚರಂಡಿಗೆ ಚೆಲ್ಲಲಿಲ್ಲ. ಊರಿನ ಚರಂಡಿಯ ದಾರಿ ಕೊನೆಗೆ ತುಂಗೆಗೇ.

ಈಗ ಪ್ರತಿ ಭಾನುವಾರ ಬೆಳಗ್ಗೆ, ಎಂಜಿನ್ನು ತಣ್ಣಗಿರುವಾಗ, ಕೂಲೆಂಟಿನ ಮಟ್ಟವನ್ನು ನೋಡಿ ತಾರೀಖಿನೊಡನೆ ಬರೆದಿಡುತ್ತೇವೆ. ಕಳೆದ ಮೂರು ತಿಂಗಳಿಂದ ಆ ಗೆರೆ ಇಳಿದಿಲ್ಲ.