ಕ್ಯೂ ಉದ್ಯಾನದ ಗಾಜಿನ ಮನೆಗಳು: ತಪ್ಪು ಕಲ್ಪನೆ ಮತ್ತು ವಾಸ್ತವ

ಲಂಡನ್ನಿಗೆ ಹೊರಟ ನಮ್ಮವರ ಪಟ್ಟಿಯಲ್ಲಿ ಬಿಗ್ ಬೆನ್, ಟವರ್ ಬ್ರಿಜ್, ಮೇಣದ ಗೊಂಬೆಗಳ ಮ್ಯೂಸಿಯಂ ಮೊದಲಿಗೆ ಬರುತ್ತವೆ. ಊರಿನ ನೈಋತ್ಯಕ್ಕೆ, ಥೇಮ್ಸ್ ದಂಡೆಯಲ್ಲಿರುವ ಕ್ಯೂ ಸಸ್ಯೋದ್ಯಾನ ಪಟ್ಟಿ ಸೇರುವುದೇ ಅಪರೂಪ. ಸೇರಿದರೂ ಹೊತ್ತು ಉಳಿದರೆ ಹೋಗೋಣ ಎಂಬ ಕೊನೆಯ ಸಾಲಿನಲ್ಲಿ. 1759ರಲ್ಲಿ ರಾಜಮನೆತನದ ತೋಟವಾಗಿ ಶುರುವಾದ ಈ ಜಾಗ 2003ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಯಿತು. ಉಷ್ಣವಲಯದ ಗಿಡಮರಗಳನ್ನು ಚಳಿದೇಶದಲ್ಲಿ ಬದುಕಿಸುವ ಅಲ್ಲಿನ ಗಾಜಿನ ಮನೆಗಳು ಇಡೀ ಲಂಡನ್ನಿನಲ್ಲಿ ನೋಡಲೇಬೇಕಾದವುಗಳಲ್ಲಿ ಸೇರಿವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹೋಗದಿರುವುದಕ್ಕೆ ಜನ ಕೊಡುವ ಕಾರಣಗಳಲ್ಲೂ, ಹೋಗಿ ಬಂದವರ ಮಾತಿನಲ್ಲೂ ಕೆಲವು ತಪ್ಪು ತಿಳಿವಳಿಕೆಗಳು ಮತ್ತೆ ಮತ್ತೆ ಬರುತ್ತವೆ.

ತಪ್ಪು ಕಲ್ಪನೆ: ಬಾಳೆ, ತೆಂಗು, ಕಾಳುಮೆಣಸು ನಮ್ಮ ಹಿತ್ತಲಲ್ಲೇ ಇವೆ, ಅವನ್ನು ನೋಡಲು ದುಡ್ಡು ಕೊಟ್ಟು ಅಲ್ಲಿಗೆ ಹೋಗಬೇಕೆ?

ಹಿತ್ತಲಲ್ಲಿ ಇವೆ, ನಿಜ. ಆದರೆ ಕ್ಯೂನ ಪಾಮ್ ಹೌಸ್‌ನಲ್ಲಿ ದಕ್ಷಿಣದ ತುದಿಯಿಂದ ಒಳಹೊಕ್ಕರೆ ಆಫ್ರಿಕ, ನಡುಭಾಗದಲ್ಲಿ ಅಮೆರಿಕ ಖಂಡಗಳು, ಉತ್ತರದ ತುದಿಯಲ್ಲಿ ಏಷ್ಯ, ಆಸ್ಟ್ರೇಲಿಯ ಮತ್ತು ಪೆಸಿಫಿಕ್ ದ್ವೀಪಗಳ ಗಿಡಮರಗಳು. ನಮ್ಮ ಹಿತ್ತಲಲ್ಲಿ ಸಿಗದ ನೂರಾರು ಜಾತಿಗಳು ಅಲ್ಲಿವೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಹಿತ್ತಲಿಗೆ ಕೆಲವು ಗಿಡಗಳು ಬಂದದ್ದೇ ಈ ದಾರಿಯಲ್ಲಿ.

ಅಲ್ಲಿರುವ ರಬ್ಬರ್ ಮರವನ್ನೇ ನೋಡಿ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲ್‌ನ ಅಮೆಜಾನ್ ಕಾಡಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿದ. ರಬ್ಬರ್ ಬೀಜದಲ್ಲಿ ಎಣ್ಣೆಯಂಶ ಹೆಚ್ಚು, ಬೇಗ ಕೆಡುತ್ತದೆ. ಕ್ಯೂನ ಗಾಜಿನ ಮನೆಗಳಲ್ಲಿ ಬಿತ್ತಿದಾಗ ಮೊಳೆತದ್ದು ಎರಡು ಸಾವಿರ ಚಿಲ್ಲರೆ ಮಾತ್ರ. ಆ ಸಸಿಗಳು ಸಿಲೋನಿಗೆ, ಮಲಯಕ್ಕೆ ಹೋದವು. ಏಷ್ಯದ ರಬ್ಬರ್ ತೋಟಗಳ ಬಹುಪಾಲು ಆ ಸಂತತಿಯಿಂದ ಬೆಳೆದದ್ದು. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಗುಡ್ಡಗಳಲ್ಲಿ ಬೆಳಗಿನ ಜಾವ ಟ್ಯಾಪಿಂಗ್ ಕತ್ತಿ ಹಿಡಿದು ಹೊರಡುವವರ ದುಡಿಮೆಯ ಬೇರು ಕೂಡ ಅಲ್ಲಿದೆ. ಅದಕ್ಕೂ ಮುಂಚೆ, 1860ರ ದಶಕದಲ್ಲಿ, ಮಲೇರಿಯಾಕ್ಕೆ ಮದ್ದಾದ ಸಿಂಕೋನ ಆಂಡೀಸ್ ಪರ್ವತಗಳಿಂದ ನೀಲಗಿರಿಗೆ ಬಂದದ್ದು ಕ್ಯೂ ಕೈಜೋಡಿಸಿದ ಯೋಜನೆಯಿಂದಲೇ. ತಿಂಗಳುಗಟ್ಟಲೆ ಸಮುದ್ರಯಾನದಲ್ಲಿ ಸಸಿಗಳು ಬದುಕಿದ್ದು ನಥಾನಿಯಲ್ ವಾರ್ಡ್ ಎಂಬ ಲಂಡನ್ ವೈದ್ಯ ಕಂಡುಕೊಂಡ ಮುಚ್ಚಿದ ಗಾಜಿನ ಪೆಟ್ಟಿಗೆಗಳಲ್ಲಿ. ಗಿಡ ಬಿಟ್ಟ ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು, ಉಪ್ಪುಗಾಳಿ ಒಳಗೆ ಬರುತ್ತಿರಲಿಲ್ಲ.

ಇದರಲ್ಲಿ ವಿಜ್ಞಾನ ಎಷ್ಟಿತ್ತೋ ಸಾಮ್ರಾಜ್ಯದ ಲಾಭವೂ ಅಷ್ಟೇ ಇತ್ತು. ಬ್ರೆಜಿಲ್‌ನ ರಬ್ಬರ್ ವ್ಯಾಪಾರ ನೆಲಕಚ್ಚಿದ್ದೂ ಇದೇ ಸಸಿಗಳಿಂದ. ಈ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಆ ಮರವನ್ನು ನೋಡಬೇಕು.

ತಪ್ಪು ಕಲ್ಪನೆ: ಲಾಲ್‌ಬಾಗಿನ ಗಾಜಿನ ಮನೆ ನೋಡಿದ್ದೇವೆ, ಅದೂ ಇದೂ ಒಂದೇ.

ನಂಟು ಇದೆ. 1889ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದಾಗ ತೋಟದ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಕ್ಯೂನಿಂದ ಬಂದವರು. ಅವರ ನಂತರ ಬಂದ ಕೃಂಬಿಗಲ್ ಕೂಡ ಕ್ಯೂನಲ್ಲಿ ಪಳಗಿದವರು. ಆದರೆ ಲಾಲ್‌ಬಾಗಿನದು ಗಿಡಗಳನ್ನು ಬೆಚ್ಚಗಿಡುವ ಮನೆಯಲ್ಲ. ಬೆಂಗಳೂರಿನ ಹವೆಗೆ ಅದು ಬೇಕಾಗಿಯೂ ಇರಲಿಲ್ಲ. ಅದು ಫಲಪುಷ್ಪ ಪ್ರದರ್ಶನಕ್ಕೆಂದು ಕಟ್ಟಿದ ಮಂಟಪ. ಕ್ಯೂನ ಪಾಮ್ ಹೌಸ್‌ನಲ್ಲಿ ಒಂದು ಚಳಿಗಾಲದ ರಾತ್ರಿ ಶಾಖ ನಿಂತರೆ ಒಳಗಿನ ಜೀವಗಳು ಉಳಿಯುವುದಿಲ್ಲ.

ತಪ್ಪು ಕಲ್ಪನೆ: ಗಾಜು ಹೊದಿಸಿದರೆ ಸಾಕು, ಬಿಸಿಲಿನ ಶಾಖ ಒಳಗೇ ಸಿಕ್ಕಿಕೊಂಡು ಗಿಡ ತಾನಾಗಿ ಬೆಳೆಯುತ್ತದೆ.

ಶಾಲೆಯ ಪಾಠದಲ್ಲಿ ಓದಿದ್ದೇವೆ: ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ನೆಲದಿಂದ ಹೊರಡುವ ಶಾಖದ ಕಿರಣಗಳನ್ನು ಹೊರಗೆ ಬಿಡುವುದಿಲ್ಲ ಎಂದು. ಇದರ ಪಾಲು ಚಿಕ್ಕದು. ಗಾಜಿನ ಮನೆ ಬಿಸಿಯಾಗುವುದು ಮುಖ್ಯವಾಗಿ ಒಳಗಿನ ಬೆಚ್ಚನೆಯ ಗಾಳಿ ಮೇಲೆದ್ದು ಹೊರಹೋಗದಂತೆ ಗಾಜು ತಡೆಯುವುದರಿಂದ. ಬಿಸಿಲಿಗೆ ನಿಲ್ಲಿಸಿದ ಕಾರಿನ ಕಿಟಕಿಯನ್ನು ನಾಲ್ಕು ಬೆರಳು ಇಳಿಸಿ ನೋಡಿದವರಿಗೆ ಇದು ಗೊತ್ತು. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟರು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಶಾಖಕಿರಣಗಳನ್ನು ತಡೆಯದ ಕಲ್ಲುಪ್ಪಿನ ಹಲ್ಲೆ. ಎರಡೂ ಹೆಚ್ಚುಕಡಿಮೆ ಒಂದೇ ಸಮ ಬಿಸಿಯಾದವು. ಭೂಮಿಯ ವಾತಾವರಣ ಕಾವೇರುವುದು ನಿಜಕ್ಕೂ ಶಾಖಕಿರಣಗಳನ್ನು ಅನಿಲಗಳು ಹೀರುವುದರಿಂದಲೇ. ಗಾಜಿನ ಮನೆಯ ರೀತಿ ಬೇರೆ.

ಇನ್ನು ಲಂಡನ್ನಿನ ಬಿಸಿಲನ್ನು ನಂಬಿ ತೆಂಗು ಬೆಳೆಯಲು ಆಗುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಎಂಟು ಗಂಟೆಯೂ ತುಂಬುವುದಿಲ್ಲ. 1844ರಿಂದ 1848ರವರೆಗೆ ಪಾಮ್ ಹೌಸ್ ಕಟ್ಟಿದಾಗಲೇ ನೆಲಮಾಳಿಗೆಯಲ್ಲಿ ಕಲ್ಲಿದ್ದಲ ಬಾಯ್ಲರ್‌ಗಳನ್ನು ಕೂರಿಸಿ, ಬಿಸಿನೀರಿನ ಕೊಳವೆಗಳನ್ನು ಕಬ್ಬಿಣದ ಜಾಲರಿ ನೆಲದ ಕೆಳಗೆ ಹರಿಸಿದ್ದರು. ಕಲ್ಲಿದ್ದಲು ಬರುತ್ತಿದ್ದದ್ದು ಸುರಂಗದಲ್ಲಿ ಹಾಕಿದ ಪುಟ್ಟ ಹಳಿಯ ಮೇಲೆ. ಹೊಗೆಯೂ ನೆಲದಡಿಯಲ್ಲೇ ಸಾಗಿ, ದೂರದಲ್ಲಿ ಗೋಪುರದ ಹಾಗೆ ಕಟ್ಟಿದ ಇಟ್ಟಿಗೆಯ ಚಿಮಣಿಯಿಂದ ಹೊರಬರುತ್ತಿತ್ತು. ಆ ಗೋಪುರ ಇಂದಿಗೂ ಇದೆ; ನೋಡಿದವರು ಗಡಿಯಾರದ ಕಂಬವೋ ಚರ್ಚಿನದೋ ಎಂದುಕೊಂಡು ಮುಂದೆ ಹೋಗುತ್ತಾರೆ.

ಕಟ್ಟಡವನ್ನೂ ತಲೆ ಎತ್ತಿ ನೋಡಬೇಕು. ವಿನ್ಯಾಸ ಡೆಸಿಮಸ್ ಬರ್ಟನ್ ಅವರದು, ಕಬ್ಬಿಣದ ಕೆಲಸ ಡಬ್ಲಿನ್ನಿನ ರಿಚರ್ಡ್ ಟರ್ನರ್ ಅವರದು. ಹಡಗಿನ ಅಟ್ಟಕ್ಕೆ ಬಳಸುವ ತೊಲೆಗಳ ತಂತ್ರವನ್ನು ತಂದು ಟರ್ನರ್ ಈ ಬಾಗಿದ ಪಕ್ಕೆಗಳನ್ನು ಎತ್ತಿದರು. ಸುಮಾರು 110 ಮೀಟರ್ ಉದ್ದ, 16,000 ಗಾಜಿನ ಹಾಳೆಗಳು. ಮೊದಲು ಹಾಕಿದ್ದು ತೆಳುಹಸಿರು ಗಾಜು, ಎಲೆಗಳು ಸುಡದಿರಲೆಂದು. ಲಂಡನ್ನಿನ ಹೊಗೆಯೇ ಬಿಸಿಲನ್ನು ಸಾಕಷ್ಟು ತಡೆಯುತ್ತಿದ್ದುದರಿಂದ ಆಮೇಲೆ ಬಿಳಿ ಗಾಜಿಗೆ ಬದಲಾಯಿಸಿದರು.

ಇದೆಲ್ಲದರ ಜೊತೆಗೆ ಕೈಗೆಲಸ. ಒಳಗೆ ಮಳೆಯಿಲ್ಲ, ಗಾಳಿಯಿಲ್ಲ, ಪರಾಗ ಹೊರುವ ಹುಳುಗಳು ಇಲ್ಲ. ಪೈಪು ಹಿಡಿದು ನೀರುಣಿಸಬೇಕು, ತೇವಕ್ಕೆ ಮಂಜು ಹಾಯಿಸಬೇಕು, ಬುರುಸಿನಿಂದ ಪರಾಗ ಸವರಬೇಕು. ಬೆಚ್ಚನೆಯ ತೇವದಲ್ಲಿ ಹಿಟ್ಟು ತಿಗಣೆ ಅತಿ ಬೇಗ ಹೆಚ್ಚುತ್ತದೆ. ಅದನ್ನು ತಿನ್ನುವ ಗುಲಗಂಜಿ ಹುಳುಗಳ ಜಾತಿಯ ಕೀಟಗಳನ್ನು ಬಿಟ್ಟು ಹತೋಟಿಯಲ್ಲಿಡುತ್ತಾರೆ. ನಮ್ಮ ಕಾಫಿ ಬೆಳೆಗಾರರಿಗೂ ಈ ಉಪಾಯ ಹೊಸದಲ್ಲ.

ತಪ್ಪು ಕಲ್ಪನೆ: ಗಾಜಿನ ಮನೆ ಎಂದರೆ ಒಳಗೆ ಬೆವರು ಕಿತ್ತುಬರುವ ಸೆಕೆ.

ಪಾಮ್ ಹೌಸ್, ವಾಟರ್‌ಲಿಲಿ ಹೌಸ್‌ಗಳ ಮಟ್ಟಿಗೆ ನಿಜ. 1987ರ ಪ್ರಿನ್ಸೆಸ್ ಆಫ್ ವೇಲ್ಸ್ ಕನ್ಸರ್ವೇಟರಿಯಲ್ಲಿ ಮರುಭೂಮಿಯ ಒಣಹವೆಯಿಂದ ಮಳೆಕಾಡಿನ ತೇವದವರೆಗೆ ಹತ್ತು ಬಗೆಯ ಹವೆ ಒಂದೇ ಸೂರಿನಡಿ ಇದೆ. (ಅದಕ್ಕೆ ಡಯಾನಾ ಹೆಸರಿಟ್ಟಿದ್ದಾರೆ ಎಂದು ಹಲವರು ತಿಳಿದಿದ್ದಾರೆ. ಉದ್ಘಾಟಿಸಿದ್ದು ಡಯಾನಾ, ಹೆಸರು 18ನೆಯ ಶತಮಾನದಲ್ಲಿ ಈ ತೋಟಕ್ಕೆ ನಾಂದಿ ಹಾಡಿದ ರಾಜಕುಮಾರಿ ಆಗಸ್ಟಾರದು.) ಹತ್ತಿರದಲ್ಲೇ 2006ರಲ್ಲಿ ತೆರೆದ ಡೇವಿಸ್ ಆಲ್ಪೈನ್ ಹೌಸ್ ಇದೆ. ಅದನ್ನು ಕಟ್ಟಿರುವುದು ತಂಪಿಗಾಗಿ. ಗೆದ್ದಲ ಹುತ್ತದಲ್ಲಿ ಗಾಳಿಯಾಡುವ ಕ್ರಮವನ್ನು ನೋಡಿ ನೆಲದ ಕೆಳಗೆ ಕಾಂಕ್ರೀಟಿನ ಸುತ್ತುದಾರಿ ಮಾಡಿದ್ದಾರೆ. ಅಲ್ಲಿ ತಣಿದ ಗಾಳಿ ಬೆಟ್ಟದ ಹೂಗಿಡಗಳ ಬುಡಕ್ಕೆ ಬರುತ್ತದೆ, ಬಿಸಿಗಾಳಿ ಎತ್ತರದ ಚಾವಣಿಯಿಂದ ಹೊರಹೋಗುತ್ತದೆ.

ತಪ್ಪು ಕಲ್ಪನೆ: ವಾಟರ್‌ಲಿಲಿ ಹೌಸ್‌ನ ದೊಡ್ಡ ನೈದಿಲೆ ಎಲೆಯ ಮೇಲೆ ಮನುಷ್ಯರು ನಿಲ್ಲಬಹುದು.

ಎಲೆಯ ಮೇಲೆ ಮಗುವನ್ನು ನಿಲ್ಲಿಸಿದ ಚಿತ್ರಗಳಿಂದ ಹುಟ್ಟಿದ ನಂಬಿಕೆ ಇದು. ತೂಕ ಎಲ್ಲ ಕಡೆ ಸಮನಾಗಿ ಹಂಚಿದರೆ ವಿಕ್ಟೋರಿಯಾ ನೈದಿಲೆಯ ಎಲೆ ಹತ್ತಾರು ಕಿಲೋ ಹೊರುತ್ತದೆ. ಅದಕ್ಕೆ ಹಲಗೆ ಹಾಕಬೇಕು. ಬರಿಗಾಲಿನ ಹಿಮ್ಮಡಿ ಊರಿದರೆ ತೂತಾಗುತ್ತದೆ, ಎಲೆ ಅಷ್ಟು ತೆಳು. ಬಲವೆಲ್ಲ ಅಡಿಭಾಗದ ನರಗಳಲ್ಲಿದೆ. ನಡುವಿನಿಂದ ಹೊರಟು ಕವಲೊಡೆಯುವ ದಪ್ಪ ನರಗಳು, ಅವನ್ನು ಅಡ್ಡಕ್ಕೆ ಕಟ್ಟುವ ತೆಳು ಪಟ್ಟಿಗಳು, ಮೈಯೆಲ್ಲ ಮುಳ್ಳು. ಕ್ಯೂನಿಂದ ಸಸಿ ತಂದು 1849ರಲ್ಲಿ ಚಾಟ್ಸ್‌ವರ್ತ್ ತೋಟದಲ್ಲಿ ಇದನ್ನು ಹೂಬಿಡಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಈ ನರಗಳ ಕಟ್ಟಿನಿಂದ ಕಲಿತು 1851ರ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದರು. ಲಾಲ್‌ಬಾಗಿನ ಗಾಜಿನ ಮನೆಗೆ ಮಾದರಿ ಎಂದು ನಾವು ಹೇಳುವುದು ಅದೇ ಕಟ್ಟಡವನ್ನು.

ಹೂವಿನ ಕಥೆ ಎಲೆಯದಕ್ಕಿಂತ ಸೊಗಸು. ಮೊದಲ ಸಂಜೆ ಬಿಳಿಯಾಗಿ ಅರಳಿ, ಒಳಗೊಳಗೇ ಬೆಚ್ಚಗಾಗಿ, ಹಣ್ಣಿನ ಪರಿಮಳ ಬೀರುತ್ತದೆ. ಅಮೆಜಾನ್‌ನಲ್ಲಾದರೆ ದುಂಬಿಗಳು ಒಳಹೊಕ್ಕು ಸಿಕ್ಕಿಕೊಳ್ಳುತ್ತವೆ. ಮರುದಿನ ಸಂಜೆ ಹೂ ಗುಲಾಬಿ ಬಣ್ಣಕ್ಕೆ ತಿರುಗಿ ತೆರೆದುಕೊಂಡಾಗ ಪರಾಗ ಮೆತ್ತಿಕೊಂಡು ಹೊರಡುತ್ತವೆ. ಇಷ್ಟು ಹೆಸರಾದ ಈ ಗಿಡದ ಮೂರನೆಯ ಪ್ರಭೇದ ವಿಕ್ಟೋರಿಯಾ ಬೊಲಿವಿಯಾನಾ ಹೊಸದೆಂದು ಘೋಷಣೆಯಾದದ್ದು 2022ರಲ್ಲಿ. ಅದರ ಒಣಗಿಸಿದ ಮಾದರಿ 177 ವರ್ಷ ಕ್ಯೂನ ಸಂಗ್ರಹದಲ್ಲೇ ಇತ್ತು!

ತಪ್ಪು ಕಲ್ಪನೆ: ಕೊಳೆತ ಹೆಣದ ವಾಸನೆಯ ಟೈಟಾನ್ ಆರಮ್ ಜಗತ್ತಿನ ಅತಿ ದೊಡ್ಡ ಹೂವು, ನಮ್ಮ ಕಡೆ ಅಂಥದ್ದಿಲ್ಲ.

ಅದು ಒಂದು ಹೂವಲ್ಲ. ನಡುವಿನ ಎತ್ತರದ ಕೋಲಿನ ಬುಡದಲ್ಲಿ ನೂರಾರು ಚಿಕ್ಕ ಹೂಗಳು ಅಡಗಿರುವ ಹೂಗೊಂಚಲು. ಒಂಟಿ ಹೂವಿನ ಲೆಕ್ಕದಲ್ಲಿ ರಫ್ಲೀಸಿಯಾ ದೊಡ್ಡದು. ಸುಮಾತ್ರಾದ ಹೊರಗೆ ಟೈಟಾನ್ ಮೊದಲು ಅರಳಿದ್ದು 1889ರಲ್ಲಿ, ಕ್ಯೂನಲ್ಲಿ. 1926ರಲ್ಲಿ ಮತ್ತೆ ಅರಳಿದಾಗ ಜನಜಂಗುಳಿ ಹಿಡಿಯಲು ಪೊಲೀಸರು ಬರಬೇಕಾಯಿತು. ಇನ್ನು ನಮ್ಮ ಕಡೆಯ ಮಾತು: ಸುವರ್ಣಗೆಡ್ಡೆ ಇದರ ಒಡಹುಟ್ಟು, ಅದೇ ಕುಲ. ಮೊದಲ ಮಳೆಗೆ ಹಿತ್ತಲಲ್ಲಿ ಕಂದುಗೆಂಪು ಹೂಗೊಂಚಲು ನೆಲ ಸೀಳಿ ಬಂದು, ಏನೋ ಸತ್ತಿದೆ ಎಂದು ಮನೆಯವರು ಹುಡುಕಾಡುವುದುಂಟಲ್ಲ, ಅದೂ ನೊಣ, ದುಂಬಿಗಳನ್ನು ಕರೆಯುವ ಇದೇ ಉಪಾಯ.

ತಪ್ಪು ಕಲ್ಪನೆ: ಅಪರೂಪದ ಗಿಡವೊಂದು ಒಳಗೆ ಸೇರಿತೆಂದರೆ ಅದು ಉಳಿದಂತೆಯೇ.

ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಪಾಮ್ ಹೌಸ್‌ನಲ್ಲಿ 1775ರಲ್ಲಿ ಫ್ರಾನ್ಸಿಸ್ ಮ್ಯಾಸನ್ ದಕ್ಷಿಣ ಆಫ್ರಿಕದಿಂದ ತಂದ ಸೈಕಾಡ್ ಎಂಬ ಗಿಡ ಇನ್ನೂ ಬದುಕಿದೆ. ಕುಂಡದಲ್ಲಿರುವ ಗಿಡಗಳಲ್ಲಿ ಜಗತ್ತಿನಲ್ಲೇ ಹಳೆಯದೆಂದು ಅದಕ್ಕೆ ಹೆಸರು. ಆದರೆ ಕ್ಯೂನ ಇನ್ನೊಂದು ಗಾಜಿನ ಮನೆಯಾದ ಟೆಂಪರೇಟ್ ಹೌಸ್‌ನಲ್ಲಿ 1846ರ ಬೀಜದಿಂದ ಬೆಳೆದಿದ್ದ ಚಿಲಿಯ ತಾಳೆ ಸೂರಿಗೆ ತಾಗುವಷ್ಟು ಬೆಳೆದು, 2014ರಲ್ಲಿ ಕಡಿಯಬೇಕಾಯಿತು. ಅದೇ ವರ್ಷ ಜನವರಿಯಲ್ಲಿ, ಜಗತ್ತಿನ ಅತಿ ಚಿಕ್ಕ ನೈದಿಲೆಯ ಒಂದು ಗಿಡವನ್ನು ಯಾರೋ ಕನ್ಸರ್ವೇಟರಿಯಿಂದ ಕದ್ದೊಯ್ದರು.

ಟೆಂಪರೇಟ್ ಹೌಸ್‌ನಲ್ಲಿ ಇನ್ನೊಂದು ಸೈಕಾಡ್ ಇದೆ, ಎನ್ಸೆಫಲಾರ್ಟಸ್ ವುಡಿಐ. 1895ರಲ್ಲಿ ದಕ್ಷಿಣ ಆಫ್ರಿಕದ ಒಂದು ಕಾಡಿನಲ್ಲಿ ಕಂಡದ್ದು ಒಂದೇ ಬುಡ, ಅದೂ ಗಂಡು. ಜಗತ್ತಿನ ತೋಟಗಳಲ್ಲಿರುವುದೆಲ್ಲ ಅದರದೇ ಮರಿಗಳು, ಎಲ್ಲವೂ ಗಂಡು. ಡ್ರೋನ್ ಹಾರಿಸಿ ಹೆಣ್ಣಿಗಾಗಿ ಹುಡುಕಾಟ ನಡೆದಿದೆ. ಹೆಣ್ಣು ಸಿಗದೆ ಈ ಜಾತಿಗೆ ಸಹಜವಾದ ಬೀಜವಿಲ್ಲ. ಗಾಜಿನ ಮನೆ ಅದನ್ನು ಬದುಕಿಸಿದೆ, ಅದರ ಮುಂದಿನ ಪೀಳಿಗೆಯನ್ನು ಕೊಡಲು ಆಗಿಲ್ಲ.

ಕೊಟ್ಟ ಉದಾಹರಣೆಯೂ ಇದೆ. ಮಾರಿಷಸ್‌ಗೆ ಸೇರಿದ ರಾಡ್ರಿಗ್ಸ್ ದ್ವೀಪದಲ್ಲಿ ಅಳಿದೇಹೋಯಿತೆಂದು ತಿಳಿದಿದ್ದ ಕೆಫೆ ಮರಾನ್, ಕಾಫಿ ಕುಟುಂಬದ ಗಿಡ, 1980ರ ಸುಮಾರಿಗೆ ಒಬ್ಬ ಶಾಲಾ ಹುಡುಗನ ಕಣ್ಣಿಗೆ ಬಿತ್ತು. ಉಳಿದಿದ್ದದ್ದು ಒಂದೇ ಗಿಡ. 1986ರಲ್ಲಿ ಅದರ ಕಡ್ಡಿಗಳು ಕ್ಯೂಗೆ ಬಂದವು, ಬೇರು ಬಿಟ್ಟವು, ಹೂವೂ ಬಂತು. ವರ್ಷಗಟ್ಟಲೆ ಕಾಯಿ ಮಾತ್ರ ಕಟ್ಟಲಿಲ್ಲ. ತೋಟಗಾರ ಕಾರ್ಲೋಸ್ ಮ್ಯಾಗ್ಡಲೀನಾ ಪಟ್ಟುಬಿಡದೆ ಹೂವಿನ ಶಲಾಕಾಗ್ರವನ್ನು ಕತ್ತರಿಸಿ ಗಾಯದ ಮೇಲೆ ಪರಾಗ ಹಚ್ಚಿ, ಮತ್ತೆ ಮತ್ತೆ ಪ್ರಯತ್ನಿಸಿ, 2003ರಲ್ಲಿ ಬೀಜ ಪಡೆದರು. ಅದರ ಸಂತಾನ ರಾಡ್ರಿಗ್ಸ್‌ಗೆ ಮರಳಿತು. ಹೊರಗೆ ಕಳಿಸಿಕೊಟ್ಟಾಗಲೇ ಇಂಥ ಮನೆಯ ಕೆಲಸ ಪೂರ್ತಿಯಾಗುವುದು.

ತಪ್ಪು ಕಲ್ಪನೆ: ಬೇಸಿಗೆಯಲ್ಲೇ ಹೋಗಬೇಕು, ಒಂದು ಗಂಟೆ ಸಾಕು.

ತೋಟ 300 ಎಕರೆಗೂ ಹೆಚ್ಚು. ಗಾಜಿನ ಮನೆಗಳಿಗೇ ಅರ್ಧ ದಿನ ಬೇಕು. ಹೊರಗೆ ಕೊರೆಯುವ ಚಳಿಯಿದ್ದಾಗ ಪಾಮ್ ಹೌಸ್‌ನ ಬಾಗಿಲು ದಾಟುವುದು ಬೇರೆಯೇ ಅನುಭವ. ಕನ್ನಡಕ, ಕ್ಯಾಮೆರಾ ಎರಡೂ ಮಂಜಾಗುತ್ತವೆ. ಹತ್ತು ನಿಮಿಷ ಬಿಡಿ, ಸರಿಯಾಗುತ್ತದೆ. ಕೋಟು ಕಳಚಿ ಕೈಯಲ್ಲಿ ಹಿಡಿದುಕೊಂಡು ಸುರುಳಿ ಮೆಟ್ಟಿಲು ಹತ್ತಿ ಮೇಲಿನ ಅಟ್ಟಕ್ಕೆ ಹೋಗಿ, ತಾಳೆಯ ನೆತ್ತಿಯನ್ನು ಮೇಲಿನಿಂದ ನೋಡುವ ಅವಕಾಶ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ವಾಟರ್‌ಲಿಲಿ ಹೌಸ್ ಚಳಿಗಾಲದಲ್ಲಿ ಮುಚ್ಚಿರುತ್ತದೆ. ನೈದಿಲೆಯ ಆಸೆಯಿದ್ದರೆ ಜುಲೈ, ಆಗಸ್ಟ್ ಒಳ್ಳೆಯದು. ಪಾಮ್ ಹೌಸನ್ನೂ ದೊಡ್ಡ ದುರಸ್ತಿಗಾಗಿ ಕೆಲವು ವರ್ಷ ಮುಚ್ಚುವ ಯೋಜನೆ ಪ್ರಕಟವಾಗಿರುವುದರಿಂದ, ಟಿಕೆಟ್ ತೆಗೆಯುವ ಮುನ್ನ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ.