ಮೋಕಾ ಊರಿನ ಹೆಸರು, ಕೋಕೋ ಮರದ ಹೆಸರು

ಹೋಟೆಲಿನ ಪಟ್ಟಿಯಲ್ಲಿ ಮೋಕಾ, ಕೋಕೋ ಎಂಬ ಹೆಸರುಗಳು ಒಂದರ ಕೆಳಗೊಂದು ಕಂಡಾಗ, ಎರಡೂ ಒಂದೇ ಪಾನೀಯವೆಂದು ಭಾವಿಸುವವರುಂಟು. ಬಣ್ಣದಲ್ಲಿ ಹೆಚ್ಚಿನ ಭೇದವಿಲ್ಲ, ಪರಿಮಳದಲ್ಲಿಯೂ ಸಾಮ್ಯವಿದೆ. ಆದರೆ ಮಲಗುವ ಹೊತ್ತಿಗೆ ಮಗುವಿನ ಕೈಗೆ ಬಿಸಿ ಲೋಟವನ್ನು ಕೊಡುವ ತಾಯಿ ಇವೆರಡರ ಅಂತರವನ್ನು ಅರಿತಿರುವುದು ಲೇಸು.

ಮೋಕಾ ಎಂಬುದು ಮೂಲತಃ ಒಂದು ಊರು. ಯೆಮನ್ ದೇಶದಲ್ಲಿ ಕೆಂಪು ಸಮುದ್ರದ ದಡದಲ್ಲಿರುವ ರೇವುಪಟ್ಟಣ. ಅಲ್ಲಿ ಕಾಫಿ ಬೆಳೆಯುತ್ತಿರಲಿಲ್ಲ. ಒಳನಾಡಿನ ಬೆಟ್ಟಗಳಲ್ಲಿ ಬೆಳೆದ ಬೀಜ ಆ ರೇವಿಗೆ ಇಳಿದು ಬಂದು ಹಡಗನ್ನೇರುತ್ತಿತ್ತು. ಆದುದರಿಂದ ವರ್ತಕರು ಆ ಕಾಫಿಯನ್ನೇ ಮೋಕಾ ಎಂದು ಕರೆದರು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಏಳು ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದುದು ಇಲ್ಲಿಂದಲೇ ಎಂಬುದು ನಮ್ಮ ನಾಡಿನ ಐತಿಹ್ಯ. ಮುಂದೆ ಡಚ್ಚರು ಜಾವಾ ದ್ವೀಪದಲ್ಲಿ ಕಾಫಿ ಬೆಳೆಸಿದರು. 1839ರಲ್ಲಿ ಏಡನ್ ಆಂಗ್ಲರ ವಶವಾದ ಮೇಲೆ ವ್ಯಾಪಾರವೂ ಅತ್ತ ಸರಿಯಿತು. ಪಟ್ಟಣದ ವೈಭವ ಅಳಿಯಿತು. ಹೆಸರು ಮಾತ್ರ ಉಳಿಯಿತು.

ಕೋಕೋ ಬೇರೆಯೇ ಖಂಡದ ಸಂತಾನ. ಅದರ ತವರು ಅಮೆರಿಕದ ಉಷ್ಣವಲಯದ ಕಾಡು. ಮೆಕ್ಸಿಕೋದ ಆಜ್ಟೆಕ್ ಜನರು ಅದರ ಬೀಜವನ್ನು ನಾಣ್ಯದಂತೆಯೂ ಬಳಸುತ್ತಿದ್ದರು. ಮರದ ಕಾಂಡಕ್ಕೇ ಅಂಟಿಕೊಂಡು ಬೆಳೆಯುವ ಕಾಯಿಯೊಳಗೆ ಬಿಳಿಯ ತಿರುಳು; ತಿರುಳಿನಲ್ಲಿ ಸುಮಾರು 30-40 ಬೀಜಗಳು. ಅವನ್ನು ಕೆಲವು ದಿನ ಹುಳಿಯಲು ಬಿಟ್ಟು, ಒಣಗಿಸಿ, ಹುರಿದು ಅರೆಯಬೇಕು. ಅರೆದುದರಿಂದ ಕೊಬ್ಬನ್ನು ಹಿಂಡಿ ತೆಗೆಯುವ ವಿಧಾನವನ್ನು 1828ರಲ್ಲಿ ಡಚ್ಚರ ವ್ಯಾನ್ ಹೌಟೆನ್ ಮನೆತನ ಬಳಕೆಗೆ ತಂದಿತು. ಉಳಿದ ಹಿಂಡಿಯ ಪುಡಿಯೇ ಅಂಗಡಿಯಲ್ಲಿ ದೊರೆಯುವ ಕೋಕೋ.

ಹಾಗಾದರೆ ಇವೆರಡೂ ಕೂಡಿದುದು ಹೇಗೆ? ಯೆಮನಿನ ಕಾಫಿಯಲ್ಲಿ ಚಾಕೊಲೇಟನ್ನು ನೆನಪಿಸುವ ಸಹಜ ರುಚಿಯೊಂದುಂಟು. ಕಾಲಕ್ರಮದಲ್ಲಿ ಕಾಫಿ, ಹಾಲು, ಚಾಕೊಲೇಟು ಬೆರೆತ ಪಾನೀಯಕ್ಕೆ ಮೋಕಾ ಎಂಬ ಹೆಸರು ನಿಂತಿತು. ಆದಕಾರಣ ಇಂದಿನ ಮೋಕಾದಲ್ಲಿ ಕೋಕೋ ಇದ್ದೀತು. ಕೋಕೋ ಪಾನೀಯದಲ್ಲಿ ಕಾಫಿ ಇರದು. ನಿದ್ರೆಯನ್ನು ಓಡಿಸುವ ಕೆಫೀನ್ ಕೋಕೋದಲ್ಲಿ ಇಲ್ಲದಿಲ್ಲ, ಆದರೆ ಅಲ್ಪ. ಮೋಕಾದಲ್ಲಿ ಕಾಫಿಯ ಕೆಫೀನೂ ಸೇರಿರುತ್ತದೆ. ಮಗುವಿನ ರಾತ್ರಿಯ ಲೋಟಕ್ಕೆ ಯಾವುದು ತಗದೆಂದು ಬೇರೆ ಹೇಳಬೇಕಾಗಿಲ್ಲ.

ದೂರದ ಈ ಎರಡು ಬೆಳೆಗಳೂ ಈಗ ಕನ್ನಡನಾಡಿನವೇ ಆಗಿವೆ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಕಾಫಿ ಬೆಳೆದರೆ, ದಕ್ಷಿಣ ಕನ್ನಡದ ಅಡಕೆ ತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತದೆ. 1973ರಲ್ಲಿ ಸ್ಥಾಪಿತವಾದ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಮನೆಯಲ್ಲಿ ಮೋಕಾ ಮಾಡಿ ಕುಡಿಯಬಯಸುವ ಗೃಹಿಣಿಗೆ ಬೇಕಾದ ಎರಡು ಬೀಜಗಳೂ ಹೀಗೆ ನಮ್ಮ ನೆಲದಲ್ಲೇ ದೊರೆಯುತ್ತವೆ. ಪರದೇಶದ್ದಾಗಿ ಉಳಿದಿರುವುದು ಆ ಹಳೆಯ ರೇವಿನ ಹೆಸರೊಂದೇ.